ಪಂಖಾದ ನೆರಳು

ನಮ್ಮದು ಕುರಿ ಸಾಕುವ ಮನೆ. ಔರಾದ ಬದಿಯ ನಮ್ಮ ದಿಬ್ಬದ ಹೊಲದಲ್ಲಿ ಗಾಳಿ ಬೇಕಾದಷ್ಟಿತ್ತು, ನೆರಳಿಗೆ ಮಾತ್ರ ಒಂದು ಮರವೂ ಇರಲಿಲ್ಲ. ಗಾಳಿವಿದ್ಯುತ್ತಿಗೆ ಸರ್ಕಾರ ರಿಯಾಯಿತಿ ಕೊಡುತ್ತಿದೆ ಎಂದು ಕಂಪನಿಯವರು ಗಾಳಿಗೆ ತಿರುಗುವ ದೊಡ್ಡ ಪಂಖಾದ ಕಂಬ ನಿಲ್ಲಿಸಲು ಜಾಗ ಕೇಳಿಕೊಂಡು ಬಂದರು. ಗುತ್ತಿಗೆಗೆ ನನ್ನ ಗಂಡ ಒಪ್ಪಿದ. ಆದರೆ ಕಂಬದ ಸುತ್ತ ದೂರದವರೆಗೆ ತಂತಿ ಬೇಲಿ ಹಾಕುತ್ತೇವೆ ಎಂದಾಗ ನನಗೆ ತಲೆ ಕೆಟ್ಟಿತು.

"ನಿಮಗ ಬೇಕಾಗಿದ್ದು ಮ್ಯಾಲಿನ ಗಾಳಿ. ಕೆಳಗಿನ ಹುಲ್ಲು ಯಾಕ ಬೇಕ್ರಿ?" ಎಂದೆ.

ಬೀದರಿನ ತಮ್ಮ ಆಫೀಸಿಗೆ ಕರೆಸಿ ತಿಳಿಹೇಳಿದರು. ಅವರು ಕೊಟ್ಟ ಚಹಾ ಕುಡಿದು, ಅದೇ ಮಾತನ್ನು ಇನ್ನೊಮ್ಮೆ ಹೇಳಿ, ಬಸ್ ಹತ್ತಿ ಬಂದೆ. ಕೊನೆಗೆ ಅವರೇ ಮಣಿದರು. ಕಂಬ ಎದ್ದಿತು, ಬೇಲಿ ಬರಲಿಲ್ಲ.

ಆ ಬೇಸಿಗೆಯ ಒಂದು ಇಳಿಹೊತ್ತು ನೋಡುತ್ತೇನೆ, ಕಂಬದ ನೆರಳು ಒಣಹಾಕಿದ ಸೀರೆಯಂತೆ ಹೊಲದುದ್ದಕ್ಕೂ ಬಿದ್ದಿದೆ. ಅದರೊಳಗೆ ನಮ್ಮ ಕುರಿಗಳು ಒಂದರ ಹಿಂದೊಂದು ಮಲಗಿವೆ! ನೆರಳು ಸರಿದಂತೆ ಅವೂ ಎದ್ದು ಸರಿಯುತ್ತಿದ್ದವು.

ಈ ವರ್ಷ ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬಂದರು. ದೇಶದಲ್ಲಿ ಗಾಳಿವಿದ್ಯುತ್ ಎಷ್ಟು ಬೆಳೆದಿದೆ ಎಂದು ತೋರಿಸುವ ಸರ್ಕಾರದ ಪುಸ್ತಕಕ್ಕೆ ನಮ್ಮ ಪಂಖಾದ ಫೋಟೊ ಬೇಕಿತ್ತಂತೆ. ಕ್ಯಾಮೆರಾ ಎತ್ತಿದವರು ಇಳಿಸಿ, "ಅಮ್ಮಾ, ಈ ಕುರಿಗಳನ್ನ ಸ್ವಲ್ಪ ಆಚೆ ಹೊಡೀರಿ" ಎಂದರು.

ಕುರಿಗಳ ನಡುವೆ ಅದೇ ನೆರಳಲ್ಲಿ ಕೂತಿದ್ದ ನಾನು ಏಳಲೇ ಇಲ್ಲ.

"ಮೊದ್ಲ ಪಂಖಾ ಸರಸ್ರಿ, ಸಾಹೇಬ್ರ. ಕುರಿ ತಾವಾಗೇ ಸರೀತಾವ."