ಪೆಗೀನಳ ಕೋಣೆಯಲ್ಲಿ ಒಣಗಿದ ಸೋಪು

ಡೆಲಿಯಾ ಮುಲ್ಕೆರಿನ್ ಕಡಲಪಾಚಿಯನ್ನು ಎಂದೂ ಕಿತ್ತವಳಲ್ಲ, ಕೊಯ್ದವಳು. ನೀರು ಇಳಿದಾಗ ಬಂಡೆಯ ಮೇಲೆ ಮೊಣಕಾಲೂರಿ, ಗುಳ್ಳೆಗುಳ್ಳೆಯ ಕಂದು ಪಾಚಿಯನ್ನು ಬುಡದಿಂದ ಗೇಣು ಮೇಲಕ್ಕೆ ಕತ್ತರಿಸುವಳು. ಬುಡ ಬಂಡೆಗೆ ಅಂಟಿಕೊಂಡಿದ್ದರೆ ಅದು ಮತ್ತೆ ಚಿಗುರುತ್ತದೆ. ಯಾರಾದರೂ ಬುಡಸಮೇತ ಎಳೆಯುವುದು ಕಂಡರೆ ದಡದಿಂದಲೇ ಕೂಗುವಳು: “ಏ, ಅದೇನು ನಿನ್ನ ಗಂಡನ ಜುಟ್ಟಾ, ಹಂಗೆ ಎಳೀತೀಯಲ್ಲ!”

ಆ ವಸಂತದಲ್ಲಿ ಪಾಚಿ ಬೆರೆಸಿ ಅವಳು ಮಾಡಿದ ಸೋಪು ತಂಗಿಯ ಮಗಳು ಮಿರನ್‌ಳ ಮದುವೆಗೆ. ತಂಗಿ ತೀರಿಕೊಂಡು ವರ್ಷಗಳಾಗಿದ್ದವು. ಮಿರನ್ ದ್ವೀಪದಾಚೆಯ ಗಾಲ್ವೇ ಪಟ್ಟಣದಿಂದ ಫೋನು ಮಾಡಿ ಕೇಳಿದ್ದಳು: “ದೊಡ್ಡಮ್ಮ, ಊಟಕ್ಕೆ ಕೂತವರ ತಟ್ಟೆ ಪಕ್ಕ ಒಂದೊಂದು ಸಣ್ಣ ಬಿಲ್ಲೆ ಇಡೋಣ. ಅಮ್ಮನ ಕಡೆಯಿಂದ ಅದೊಂದಾದ್ರೂ ಇರ್ಲಿ. ಅಮ್ಮನ ಸ್ಕಾರ್ಫಿಗಿತ್ತಲ್ಲ, ಆ ಲ್ಯಾವೆಂಡರ್ ವಾಸನೆ ಬೇಕು.”

ಡೆಲಿಯಾ ಪಾಚಿಯನ್ನು ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದಳು. ಉಪ್ಪು ಉಳಿದರೆ ಸೋಪು ಪುಡಿಪುಡಿಯಾಗುತ್ತದೆ. ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದಳು. ಕಾಸ್ಟಿಕ್ ಸೋಡಾವನ್ನು ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಚೂರುಚೂರೇ ನೀರಿಗೆ ಹಾಕಿದಳು. ಅದು ತಣಿದ ಮೇಲೆ ಎಣ್ಣೆಗಳಿಗೆ ಸುರಿದು, ಸೌಟು ಎಳೆದ ಗೆರೆ ಮೇಲೆ ಉಳಿಯುವ ತನಕ ಕಲಕಿದಳು. ಕೊನೆಗೆ ಪಾಚಿಯ ಪುಡಿ, ಲ್ಯಾವೆಂಡರ್ ಎಣ್ಣೆ. ಮರದ ಅಚ್ಚಿಗೆ ಸುರಿದು ಹಳೆ ಕಂಬಳಿ ಹೊದಿಸಿದಾಗ, ಮಗುವನ್ನು ಮಲಗಿಸಿದವಳ ಹಾಗೆ ತುದಿಗಾಲಲ್ಲಿ ನಡೆದಳು.

ಹಿಂದೆಲ್ಲ ಬಿಲ್ಲೆಗಳನ್ನು ದೋಣಿಮನೆಯಲ್ಲಿ ಒಣಗಿಸುತ್ತಿದ್ದಳು. ಚಳಿಗಾಲದ ಬಿರುಗಾಳಿ ಅದರ ಮಾಡನ್ನು ಹೊತ್ತೊಯ್ದಿತ್ತು. ಹಾಗಾಗಿ ಈ ಸಲ ಅಡುಗೆಮನೆಯ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಜೋಡಿಸಿದಳು. ಒಲೆಯಲ್ಲಿ ಜೌಗುನೆಲದಿಂದ ಕಡಿದು ಒಣಗಿಸಿ ತಂದ, ಸೌದೆಯಂತೆ ಉರಿಯುವ ಟರ್ಫ್ ಮಣ್ಣಿನ ಹೆಂಟೆಗಳು ಹಗಲಿರುಳು ಹೊಗೆಯಾಡುತ್ತಿದ್ದವು. ಬಂದವರೆಲ್ಲ ಬಿಲ್ಲೆ ಮೂಸಿ, “ಆಹಾ, ಲ್ಯಾವೆಂಡರ್!” ಎಂದರು. ಡೆಲಿಯಾಳಿಗೂ ಹಾಗೇ ಅನಿಸಿತು.

ಮಿರನ್ ದೋಣಿಯಿಂದ ಇಳಿದು ಬಂದು ಒಂದು ಬಿಲ್ಲೆಯನ್ನು ಮೂಗಿಗೆ ಹಿಡಿದಳು. ಮೆಲ್ಲಗೆ ಕೆಳಗಿಟ್ಟಳು.

“ಚೆನ್ನಾಗಿದೆ ದೊಡ್ಡಮ್ಮ.”

“ಚೆನ್ನಾಗಿದ್ರೆ ಮುಖ ಯಾಕೆ ಹಂಗಿದೆ?”

“ಹೊಗೆ ವಾಸನೆ. ಬರೀ ಹೊಗೆ. ಇರ್ಲಿ ಬಿಡು, ನಮ್ಮೂರ ವಾಸನೆ ತಾನೆ.”

ಡೆಲಿಯಾ ಮೂಸಿದಳು. ಮತ್ತೆ ಮೂಸಿದಳು. ಹುಟ್ಟಿದಂದಿನಿಂದ ಹೊಗೆಯಲ್ಲೇ ಇದ್ದ ಮೂಗಿಗೆ ಹೊಗೆ ಗೊತ್ತಾಗುವುದಾದರೂ ಹೇಗೆ? ಊರಿಗೆ ಊರೇ ಅಂಥ ಮೂಗಿನದು.

“ಇರ್ಲಿ ಅಂದ್ರೆ ಇರೋಕಾಗುತ್ತಾ? ನಿಮ್ಮಮ್ಮನ ನೆನಪು ಅಂತ ಹೇಳಿ ಒಲೆ ಬೂದಿ ಕೊಡ್ಲಾ?” ಎಂದಳು. ಬಿಲ್ಲೆಗಳನ್ನೆಲ್ಲ ಬಟ್ಟೆ ಒಗೆಯಲು ತೆಗೆದಿಟ್ಟಳು. ಹೊಸದಾಗಿ ಮಾಡಿ ಒಣಗಿಸಲು ಸಮಯವೇನೋ ಇತ್ತು, ಕೂದಲೆಳೆಯಷ್ಟು. ಒಣಗಿಸಲು ಜಾಗ ಎಲ್ಲಿ?

ದ್ವೀಪದಲ್ಲಿ ಟರ್ಫ್ ಉರಿಸದ ಮನೆ ಒಂದೇ, ಪಕ್ಕದ ಪೆಗೀನಳದು. ಮಕ್ಕಳ ಮಾತು ಕೇಳಿ ಅವಳು ಸೀಮೆಎಣ್ಣೆಯಿಂದ ಮನೆ ಬಿಸಿಮಾಡುವ ಯಂತ್ರ ಹಾಕಿಸಿದ್ದಳು. ಅಂದಿನಿಂದ ಆ ಮನೆಗೆ ಡೆಲಿಯಾ ‘ಪೆಟ್ರೋಲ್ ಬಂಕು’ ಎಂದು ಹೆಸರಿಟ್ಟಿದ್ದಳು. ಊರೆಲ್ಲ ಹಾಗೇ ಕರೆಯುತ್ತಿತ್ತು. ಪೆಗೀನ್ ಡೆಲಿಯಾಳ ಜೊತೆ ಮಾತು ಬಿಟ್ಟಿದ್ದಳು.

ಹೊಸ ಸೋಪು ಕತ್ತರಿಸಿದ ದಿನ ಡೆಲಿಯಾ ಬಿಲ್ಲೆಗಳ ಹಲಗೆ ಹೊತ್ತು ಆ ಮನೆಗೆ ಹೋದಳು. ಆ ದ್ವೀಪದಲ್ಲಿ ನೆರೆಯವರು ಬಾಗಿಲು ತಟ್ಟುವುದಿಲ್ಲ, ಸೀದಾ ಒಳಗೆ ಬರುತ್ತಾರೆ. ಡೆಲಿಯಾ ತಟ್ಟಿದಳು.

“ಯಾರಪ್ಪ ತಟ್ಟೋದು, ಪೊಲೀಸಾ?” ಬಾಗಿಲು ತೆರೆಯಿತು. “ಓಹೋ! ಪೆಟ್ರೋಲ್ ಮುಗೀತೇನೇ?”

“ಮುಗೀತು ಕಣೇ. ಆ ಮಾತಾಡಿದ್ದು ನನ್ನ ತಪ್ಪು. ಮಿರನ್ ಮದುವೆ ಸೋಪು ಇದು. ಹೊಗೆ ಇಲ್ಲದ ಜಾಗ ನಿನ್ನ ಹತ್ರ ಮಾತ್ರ ಇರೋದು.”

ಪೆಗೀನ್ ಹಲಗೆಯ ಕಡೆ ನೋಡಿದಳು. ಡೆಲಿಯಾಳ ತಂಗಿಯೂ ಅವಳೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಹಿಂದಿನ ಕೋಣೇಲಿಡು. ಆದ್ರೆ ತಿರುವಿ ಹಾಕೋಕೆ ನೀನೇ ಬರ್ಬೇಕು. ಮತ್ತೆ ತಟ್ಟಿದ್ರೆ ಕಾಲು ಮುರೀತೀನಿ.”

ಡೆಲಿಯಾ ದಿನವೂ ಹೋದಳು. ಒಂದೊಂದು ಬಿಲ್ಲೆಯನ್ನೂ ಅಂಚು ಮುರಿಯದಂತೆ ತಿರುವುವಳು, ಆಮೇಲೆ ಇಬ್ಬರೂ ಚಹಾ ಕುಡಿಯುವರು. ಚಹಾ ಸಂಜೆಯ ತನಕ ಎಳೆಯುತ್ತಿತ್ತು. ಅಷ್ಟು ಹೊತ್ತು ಹೊಗೆಯಿಂದ ದೂರವಿದ್ದು ಡೆಲಿಯಾಳ ಮೂಗೂ ತಿಳಿಯಾಗುತ್ತಿತ್ತು. ಮದುವೆ ಹತ್ತಿರ ಬಂದಾಗ ಡೆಲಿಯಾ ಒಂದು ಬಿಲ್ಲೆ ಎತ್ತಿ ಮೂಸಿದವಳು ಹಾಗೇ ನಿಂತಳು. ಮೊದಲು ಲ್ಯಾವೆಂಡರ್ ಬಂತು, ಅದರಡಿಯಲ್ಲಿ ನೀರು ಇಳಿದ ಬಂಡೆಯ ವಾಸನೆ. ತಂಗಿ ಬುಟ್ಟಿ ಹಿಡಿದು ಪಕ್ಕದಲ್ಲಿ ಬಾಗಿದಂತಾಯಿತು. ಕಣ್ಣು ತುಂಬಿತು. ಒರೆಸಿಕೊಳ್ಳಲು ತೋಳು ಎತ್ತಿದವಳು ಬೆಚ್ಚಿಬಿದ್ದಳು.

“ಅಯ್ಯೋ ಪೆಗೀನ್, ಇಲ್ಲೂ ಹೊಗೆ ಬಂತಲ್ಲೇ! ಎಲ್ಲಿಂದ?”

ಪೆಗೀನ್ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಹೇಳಿದಳು: “ನಿನ್ನ ಸ್ವೆಟರಿಂದ ಕಣೇ. ಇಷ್ಟು ದಿನ ನಾನು ಸಹಿಸ್ಕೊಂಡಿಲ್ವಾ?”

ಡೆಲಿಯಾ ಸ್ವೆಟರು ಬಿಚ್ಚಿ ಅಂಗಳಕ್ಕೆ ಎಸೆದು ಬಂದಳು. ಆಮೇಲೆ ಕೈ ತೊಳೆದುಕೊಂಡು, ಪೆಗೀನಳ ಶಾಲು ಹೊದ್ದು, ಬಿಲ್ಲೆಗಳನ್ನು ಒಂದೊಂದಾಗಿ ಬಿಳಿ ಕಾಗದದಲ್ಲಿ ಸುತ್ತತೊಡಗಿದಳು.