ಸ್ಲೈಡಿನಲ್ಲಿ ಕಂಡ ಫುಕೆಟ್

ಎಪ್ಪತ್ತರ ದಶಕದಲ್ಲಿ ನ್ಯೂಜೆರ್ಸಿಯ ನಮ್ಮ ನೆರೆಯ ಡಾಕ್ಟರು ಥಾಯ್ಲೆಂಡಿನ ಫುಕೆಟ್ ಕಡಲತೀರ ಸುತ್ತಿ ಬಂದು, ನಮ್ಮನ್ನೆಲ್ಲ ಊಟಕ್ಕೆ ಕರೆದು ಗೋಡೆಯ ಮೇಲೆ ಫೋಟೋಗಳ ಸ್ಲೈಡ್ ತೋರಿಸಿದರು. ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳಿಗೆಲ್ಲ ಸೂಟು ತೊಟ್ಟ ಅವರೇ ಅಡ್ಡ. ಗುಹೆಯಲ್ಲಿ ಮಲಗಿದ ಬುದ್ಧನ ಪಾದವಷ್ಟೇ ಇವರ ಹೊಟ್ಟೆಯ ಪಕ್ಕದಲ್ಲಿ ಇಣುಕುತ್ತಿತ್ತು.

"ನೀರಿಗಿಳಿದ್ರಾ?" ಎಂದೆ.

"ಛೆ, ಶೂಸ್ ಹಾಳಾಗುತ್ತೆ. ಸಮುದ್ರವನ್ನೆಲ್ಲ ಬೋಟಿಂದಲೇ ಕವರ್ ಮಾಡಿದೆ."

"ಮತ್ತೆ ಅಲ್ಲಿನ ಊಟ?"

"ಸೂಟ್‌ಕೇಸಲ್ಲಿ ಅವಲಕ್ಕಿ ಇತ್ತಲ್ಲ!"

ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನನಗೆ ರೇಗಿತು. ಅಷ್ಟರಲ್ಲಿ ಪಾಯಸ ತಂದ ಅವರ ಹೆಂಡತಿ ಮೆಲ್ಲಗೆ ಅಂದರು: "ನಾನು ಇಳಿದೆ, ಈಜಿದೆ. ಫೋಟೋ ಇಲ್ಲ. ಕ್ಯಾಮೆರಾ ಹಿಡಿದಿದ್ದೋಳು ನಾನೇ ತಾನೆ."

ಡಾಕ್ಟರು ಮುಂದಿನ ಸ್ಲೈಡ್ ಒತ್ತಿದರು. ಮತ್ತೆ ಅವರೇ. ನಾವು ಕುರ್ಚಿ ತಿರುಗಿಸಿಕೊಂಡು, ಆ ನೀರು ಹೇಗಿತ್ತೆಂದು ಆಕೆಯನ್ನು ಕೇಳತೊಡಗಿದೆವು.