ಒಂದನೇ ಕ್ಲಾಸಿನವರ ಜೊತೆ ಕೂತ ಸಹನಾ

ಗಂಗಾನಗರದ ಮನೆಯನ್ನು ಬೆಳಿಗ್ಗೆ ಏಳಕ್ಕೇ ಬಿಟ್ಟೆ. ರಾಜಾನುಕುಂಟೆ ಆಚೆಯ ಹಳ್ಳಿಯಲ್ಲಿ ನನ್ನ ಮಗಳ ಮನೆ. ಅವಳ ಹುಡುಗಿ ಸಹನಾ ಫೋನಿನಲ್ಲಿ, "ಅಜ್ಜಿ, ನನ್ನನ್ನ ಒಂದನೇ ಕ್ಲಾಸಿನವರ ಜೊತೆ ಕೂರಿಸ್ತಾರೆ" ಎಂದಿದ್ದಳು. ಓದುತ್ತಿರುವುದು ಮೂರನೇ ಕ್ಲಾಸು! ಕೇಳಿದಾಗಿನಿಂದ ನನಗೆ ಅನ್ನ ಸೇರಿರಲಿಲ್ಲ. ಮಗನ ಕೈಲಿ ನಮ್ಮ ಬೀದಿಯ ಶಾಲೆಯಲ್ಲಿ ಸೀಟು ಹೇಳಿಸಿಟ್ಟು, ಅವಳನ್ನು ಕರೆತರಲೆಂದೇ ಹೊರಟೆ.

ಹೆಂಗಸರಿಗೆ ಬಸ್ಸು ಬಿಟ್ಟಿ, ಆಧಾರ್ ತೋರಿಸಿದರಾಯಿತು. ಆದರೆ ಹೆಬ್ಬಾಳದಲ್ಲಿ ಅರ್ಧ ಗಂಟೆ ಅದು ಅಲುಗಲಿಲ್ಲ. ಎರಡು ಸಲ ಎದ್ದು ಮುಂದೆ ಹೋದೆ.

"ಕೂತ್ಕೊಳ್ಳಜ್ಜಿ, ನೀವ್ ನಿಂತ್ರೆ ಬಸ್ ಬೇಗ ಹೋಗುತ್ತಾ?" ಎಂದ ಕಂಡಕ್ಟರ್.

"ಕೂತ್ರೂ ಹೋಗ್ತಿಲ್ವಲ್ಲಪ್ಪಾ."

ಯಲಹಂಕದಲ್ಲಿ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹಳ್ಳಿ ಬಸ್ಸು ಹಿಡಿದೆ. ಇಳಿದ ಮೇಲೆ ಒಂದು ಮೈಲಿ ನಡಿಗೆ. ಬಿಸಿಲು ಏರಿತ್ತು.

ಶಾಲೆ ಎಂದರೆ ಎರಡು ಕೋಣೆ, ಹನ್ನೊಂದು ಮಕ್ಕಳು, ಒಬ್ಬರೇ ಮೇಡಂ. ಎಲ್ಲರೂ ಚಾಪೆಯ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಸಹನಾ ನಿಜವಾಗಿಯೂ ಪುಟಾಣಿಗಳ ನಡುವೆ ಇದ್ದಳು. ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದೆ.

"ನಮ್ ಹುಡುಗೀನ ಯಾಕ್ ಮೇಡಂ ಕೆಳಗಿಳಿಸಿದ್ದೀರಾ?"

"ಇಳಿಸಿಲ್ಲ ಅಜ್ಜಿ. ಇರೋದು ನಾನೊಬ್ಳೇ. ಚಿಕ್ಕೋರಿಗೆ ಅವ್ಳು ಹೇಳ್ಕೊಡ್ತಾಳೆ."

"ಕಲಿಯೋಕ್ ಬಂದಿದ್ದಾಳೋ, ಕೆಲ್ಸಕ್ ಬಂದಿದ್ದಾಳೋ?"

"ನೀವೇ ಓದ್ಸಿ ನೋಡಿ."

ಬಿಸ್ಕತ್ತು ಕಟ್ಟಿದ್ದ ಪೇಪರು ಬಿಚ್ಚಿ ಕೊಟ್ಟೆ. ಸಹನಾ ನೀರು ಕುಡಿದ ಹಾಗೆ ಓದಿದಳು. ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು; ಅವಳ ಬಾಯಿಯ ಹಿಂದೆ ನನ್ನ ಕಣ್ಣು ಓಡಲಿಲ್ಲ. "ನಿಧಾನ ಓದೇ" ಎಂದು ಗದರಿದೆ.

"ಎಲ್ಲಿ ಸಿಕ್ಕಾಕ್ಕೊಂಡೆ ಅಜ್ಜಿ? ಬೆರಳಿಡು" ಎಂದು ನನ್ನ ಬೆರಳನ್ನು 'ಮಾರ್ಗ' ಎಂಬುದರ ಕೊನೆಯ ಅರ್ಕಾವತ್ತಿನ ಮೇಲಿಟ್ಟಳು. "ಇದನ್ನ ಬರೆಯೋದು ಹಿಂದೆ, ಓದೋದು ಮುಂದೆ. ಹೇಳು."

ಹೇಳಿದೆ. ಮೊದಲ ಸಲ ತಪ್ಪಿತು. ಒಂದು ಪುಟ್ಟ ಮಗು ಕಿಸಕ್ಕನೆ ನಕ್ಕು, "ಅಕ್ಕಾ, ಈ ಅಜ್ಜೀನೂ ನಮ್ ಗುಂಪಾ?" ಎಂದಿತು.

ಊಟದ ಗಂಟೆಯವರೆಗೆ ಕೂರಲೂ ಆಗದೆ, ಹೊರಡಲೂ ಆಗದೆ ಜಗಲಿಯಲ್ಲಿ ಅಡ್ಡಾಡಿದೆ. ಕೊನೆಗೆ ಕೇಳಿಯೇಬಿಟ್ಟೆ, "ಬರ್ತೀಯೇನೇ ನನ್ ಜೊತೆ?"

"ಈಗ್ಲಾ? ಇವ್ರಿನ್ನೂ ಒತ್ತಕ್ಷರಕ್ಕೇ ಬಂದಿಲ್ಲ ಅಜ್ಜಿ."

ಮಗನಿಗೆ ಫೋನು ಮಾಡಿ ಸೀಟು ಬೇಡವೆಂದೆ. ಹೇಳಿದ ಮೇಲೂ ಮನಸ್ಸು ಕೂರಲಿಲ್ಲ. "ಸಂಕ್ರಾಂತಿಗೆ ಬರ್ತೀನಿ ಮೇಡಂ. ಇವ್ಳ ಪಾಠ ಹಿಂದೆ ಬಿದ್ದಿದ್ರೆ ಎತ್ತಾಕ್ಕೊಂಡ್ ಹೋಗ್ತೀನಿ" ಎಂದು ಹೊರಟೆ. ಗೇಟಿನ ಬಳಿ ತಿರುಗಿ ನೋಡಿದೆ. ನನಗೆ ಕೈ ಬೀಸಲೂ ಸಹನಾಗೆ ಪುರುಸೊತ್ತು ಇರಲಿಲ್ಲ.